ಹುಡುಗರಿಗೆ ಒಂದೇ ಅಕಾಡೆಮಿಯೋ, ಎರಡೋ?

ಇಂಗ್ಲೆಂಡಿನ ಹಲ್ ನಗರವನ್ನು ನದಿಯೊಂದು ಸೀಳುತ್ತದೆ: ಪಶ್ಚಿಮಕ್ಕೆ ಕಪ್ಪು-ಬಿಳಿಯ ಹಲ್ ಎಫ್‌ಸಿ, ಪೂರ್ವಕ್ಕೆ ಕೆಂಪು-ಬಿಳಿಯ ಹಲ್ ಕೆಆರ್. ತಂಡಕ್ಕೆ 13 ಮಂದಿ ಆಡುವ ರಗ್ಬಿ ಲೀಗ್‌ನ ಈ ಬದ್ಧ ಎದುರಾಳಿಗಳು 2010ರ ದಶಕದಲ್ಲಿ ಹುಡುಗರನ್ನು ತಯಾರುಮಾಡುವ ಜಂಟಿ ಅಕಾಡೆಮಿ ನಡೆಸಿ, ಆಮೇಲೆ ಬೇರೆಯಾದವು.

ನಿಮ್ಮ ಕ್ಲಬ್ಬಿನ ಮುಂದೆಯೂ ಇದೇ ಆಯ್ಕೆಯಿದೆಯೇ? ಜಂಟಿಯಾದರೆ ಖರ್ಚು ಹಂಚಿಹೋಗುತ್ತದೆ, ಅಭ್ಯಾಸದಲ್ಲೇ ಪೈಪೋಟಿ ಬಿಗಿಯಾಗುತ್ತದೆ. ಆದರೆ ಆಗ ಕಣಕ್ಕಿಳಿಯುವವರು ಒಂದೇ ತಂಡದ 13 ಮಂದಿ, ಬೇರೆಯಾದರೆ ಎರಡು ತಂಡಗಳ 26. ನನಗೆ ಈ ಲೆಕ್ಕವೇ ಮುಖ್ಯ. ಹದಿನಾರಕ್ಕೆ ಮೈ ತುಂಬದ ಹುಡುಗ ಹತ್ತೊಂಬತ್ತಕ್ಕೆ ಟ್ಯಾಕಲ್‌ನಲ್ಲಿ (ಚೆಂಡು ಹಿಡಿದವನನ್ನು ತಡೆದು ಕೆಡವುವಾಗ) ಬಂಡೆಯಂತೆ ನಿಲ್ಲಬಹುದು. ಬೆಂಚಿನಲ್ಲೂ ಜಾಗ ಸಿಗದಿದ್ದರೆ ಅಷ್ಟರಲ್ಲಿ ಆಟವನ್ನೇ ಬಿಟ್ಟಿರುತ್ತಾನೆ.

ಬೊಕ್ಕಸ ಬರಿದಾಗಿದ್ದರೆ ಜಂಟಿಯೇ ಸರಿ. ಕೈಯಲ್ಲಿ ಹಣವಿದ್ದರೆ ಬೇರೆಯಾಗಿಯೇ ನಡೆಸಿ. ಅಕಾಡೆಮಿಗಾಗಿ ಆಟದ ಆಡಳಿತ ಮಂಡಳಿಗೆ ಸಲ್ಲಿಸುವ ಮಾನ್ಯತೆಯ ಅರ್ಜಿಯನ್ನು ಮಾತ್ರ ಹಗುರವಾಗಿ ಕಾಣಬೇಡಿ. 2021ರಲ್ಲಿ ಕೆಆರ್‌ಗೆ ಉನ್ನತ ಅಕಾಡೆಮಿಯ ಪರವಾನಗಿ ಮೊದಲ ಸುತ್ತಿನಲ್ಲಿ ಸಿಗಲೇ ಇಲ್ಲ.