ವಿಂಡೋಸ್‌ನ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’: ಕಾವಲು ಫೈಲಿಗೆ, ಕಂಪ್ಯೂಟರಿಗಲ್ಲ

2017ರ ಮೇ 12ರಂದು ಹರಡತೊಡಗಿದ, ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಆದ ವನ್ನಾಕ್ರೈಗೆ ಯಾರೂ ಲಿಂಕ್ ಒತ್ತಬೇಕಾಗಿರಲಿಲ್ಲ. ಫೈಲ್ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ದೋಷದ ಮೂಲಕ ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ದಾಟುತ್ತಿತ್ತು. ದಾಟಿದ ಮೇಲೆ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿ (ತೆರೆಯಲಾಗದಂತೆ ಗೂಢಲಿಪಿಗೆ ತಿರುಗಿಸಿ), 300 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಕೇಳಿ, ಮೂರು ದಿನದೊಳಗೆ ಕೊಡದಿದ್ದರೆ ಮೊತ್ತವನ್ನು ದುಪ್ಪಟ್ಟುಗೊಳಿಸುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1709ನೇ ಆವೃತ್ತಿಯೊಂದಿಗೆ ಬಂದ, ಆಯ್ದ ಫೋಲ್ಡರುಗಳ ಫೈಲುಗಳನ್ನು ಕಾಯುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಇಂಥ ಹಾವಳಿಗೆ ಎಷ್ಟರಮಟ್ಟಿಗೆ ಉತ್ತರವಾಗಬಲ್ಲದು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಈ ಸೌಲಭ್ಯಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಆದರೆ ಅದು ತಾನಾಗಿ ಚಾಲೂ ಇರುವುದಿಲ್ಲ. ವಿಂಡೋಸ್ ಸೆಕ್ಯುರಿಟಿಯೊಳಗೆ ವೈರಸ್ ರಕ್ಷಣೆಯ ಪುಟವನ್ನು ತೆರೆದು, ಕೆಳಗಿರುವ ರ‍್ಯಾನ್ಸಮ್‌ವೇರ್ ವಿಭಾಗಕ್ಕೆ ಹೋಗಿ ನಾವೇ ಆನ್ ಮಾಡಬೇಕು. ಬೇರೆ ಕಂಪನಿಯ ಆ್ಯಂಟಿವೈರಸ್ ಹಾಕಿಕೊಂಡು, ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್ ಬದಿಗೆ ಸರಿದಿದ್ದರೆ ಇದು ಕೆಲಸ ಮಾಡುವುದಿಲ್ಲ. ಇಷ್ಟು ಉಪಯುಕ್ತವಾದದ್ದನ್ನು ಇಷ್ಟು ಒಳಗೆ ಇಟ್ಟಿರುವುದು ನನಗೆ ಸರಿಕಾಣದು.

ಆನ್ ಮಾಡಿದೊಡನೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ನಂಬಿಕಸ್ಥವೆಂದು ಗುರುತಿಸಲಾದ ಪ್ರೋಗ್ರಾಂಗಳಿಗೆ ಮಾತ್ರ ಬರೆಯಲು, ಬದಲಿಸಲು, ಅಳಿಸಲು ಅವಕಾಶ ಉಳಿಯುತ್ತದೆ. 2014ರಲ್ಲಿ ಬೆಳಕಿಗೆ ಬಂದ ವಿರ್‌ಲಾಕ್‌ನಂಥ ತಳಿಯನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅದು ಪರದೆಗೆ ಬೀಗ ಹಾಕುವುದಲ್ಲದೆ, ಪ್ರತಿಯೊಂದು ಫೈಲನ್ನೂ ತನ್ನದೇ ಪ್ರತಿಯೊಳಗೆ ಹುದುಗಿಸಿ, ಹಳೆಯ ಐಕಾನನ್ನೇ ಉಳಿಸಿ, ಎಕ್ಸ್‌ಇ (ತೆರೆದೊಡನೆ ಓಡುವ ಪ್ರೋಗ್ರಾಂ ಫೈಲ್) ಆಗಿ ಮಾರ್ಪಡಿಸುತ್ತದೆ. ಫೈಲಿನ ಬಗೆ ತಿಳಿಸುವ, ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ಅನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸದ ಕಾರಣ, ಪೆನ್‌ಡ್ರೈವ್‌ನಲ್ಲಿ ಅಂಥ ಫೈಲನ್ನು ಪಡೆದವರು ವರ್ಡ್ ಕಡತವೆಂದೇ ತಿಳಿದು ತೆರೆದು ತಾವೂ ಸೋಂಕಿಗೆ ಸಿಲುಕುತ್ತಾರೆ. ಅಪರಿಚಿತ ಎಕ್ಸ್‌ಇ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಕೈಹಾಕಿದಾಗ ತಡೆಯುವುದೇ ಈ ಕಾವಲಿನ ಕೆಲಸ.

ಇದರ ಮಿತಿಗಳೂ ಅಲ್ಲೇ ಇವೆ. ಓದುವುದನ್ನು ಇದು ತಡೆಯದಾದ್ದರಿಂದ, ಎನ್‌ಕ್ರಿಪ್ಟ್ ಮಾಡುವ ಮೊದಲು ದತ್ತಾಂಶ ಕದ್ದು, ಬಹಿರಂಗಪಡಿಸುವುದಾಗಿ ಬೆದರಿಸುವ ಇಂದಿನ ಗುಂಪುಗಳ ಮುಂದೆ ಅರ್ಧ ಅಸಹಾಯಕ. ಆಫೀಸ್ ಪ್ರೋಗ್ರಾಂಗಳು ನಂಬಿಕಸ್ಥರ ಪಟ್ಟಿಯಲ್ಲೇ ಇರುವುದರಿಂದ, ಅವುಗಳ ಮೂಲಕವೇ ಕಾವಲನ್ನು ದಾಟಬಹುದೆಂದು ಸಂಶೋಧಕರೊಬ್ಬರು 2018ರಲ್ಲಿ ತೋರಿಸಿದ್ದರು. ವನ್ನಾಕ್ರೈ ಥರದ ಹುಳು ಒಳಬರುವುದನ್ನಂತೂ ಇದು ನಿಲ್ಲಿಸಲಾರದು. ಅದು ಬಳಸಿದ ಎಸ್‌ಎಂಬಿ ದೋಷವನ್ನು ಸರಿಪಡಿಸುವ ಎಂಎಸ್17-010 ಪ್ಯಾಚ್ ದಾಳಿಗೆ ಎರಡು ತಿಂಗಳು ಮೊದಲೇ, 2017ರ ಮಾರ್ಚ್ 14ರಂದು ಬಿಡುಗಡೆಯಾಗಿತ್ತು, ಹಾಕಿಕೊಂಡವರು ಉಳಿದರು.

ದಿನನಿತ್ಯದ ಕಿರಿಕಿರಿ ಇನ್ನೊಂದು ಬಗೆಯದು. ಹಳೆಯ ಲೆಕ್ಕಪತ್ರದ ಸಾಫ್ಟ್‌ವೇರೊಂದು ಡಾಕ್ಯುಮೆಂಟ್ಸ್‌ನಲ್ಲಿ ಬ್ಯಾಕಪ್ ಉಳಿಸಲು ಹೋದಾಗ ಪರದೆಯ ಬಲಮೂಲೆಯಲ್ಲಿ ‘ಬದಲಾವಣೆ ತಡೆಯಲಾಗಿದೆ’ ಎಂಬರ್ಥದ ಸೂಚನೆ ಮೂಡುತ್ತದೆ, ಸಾಫ್ಟ್‌ವೇರ್ ಮಾತ್ರ ‘ಫೈಲ್ ಸಿಗಲಿಲ್ಲ’ ಎಂದು ತಪ್ಪು ಕಾರಣ ಹೇಳಬಹುದು. ಸೂಚನೆಯನ್ನು ಗಮನಿಸದವರು ಹಾರ್ಡ್‌ಡಿಸ್ಕ್ ಕೆಟ್ಟಿದೆಯೆಂದೇ ಭಾವಿಸಿಯಾರು. ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಆ ಪ್ರೋಗ್ರಾಂಗೆ ಒಮ್ಮೆ ಅನುಮತಿ ಕೊಟ್ಟರೆ ತೊಂದರೆ ಮುಗಿಯಿತು. ಲೆಕ್ಕದ ಡೇಟಾ ಡಿ ಡ್ರೈವ್‌ನಲ್ಲಿದ್ದರೆ ಆ ಫೋಲ್ಡರನ್ನೂ ಪಟ್ಟಿಗೆ ನಾವೇ ಸೇರಿಸಬೇಕು.

ವರ್ಡ್, ಎಕ್ಸೆಲ್, ಫೋಟೊಗಳಷ್ಟೇ ಇರುವ ಮನೆಯ ಕಂಪ್ಯೂಟರಿನಲ್ಲಿ ಇದನ್ನು ಹಿಂಜರಿಯದೆ ಆನ್ ಮಾಡಬಹುದು. ಹತ್ತಾರು ಹಳೆಯ ಪ್ರೋಗ್ರಾಂಗಳನ್ನು ಓಡಿಸುವ ಕಚೇರಿಯವರು ಮೊದಲು ಏನನ್ನೂ ತಡೆಯದೆ ಬರೇ ದಾಖಲಿಸಿಕೊಳ್ಳುವ ಆಡಿಟ್ ಮೋಡ್‌ನಲ್ಲಿಟ್ಟು, ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 1124 ಸಂಖ್ಯೆಯ ದಾಖಲೆಗಳನ್ನು ಕೆಲವು ದಿನ ನೋಡಿ, ಯಾವ್ಯಾವ ಪ್ರೋಗ್ರಾಂಗೆ ಅನುಮತಿ ಬೇಕೆಂದು ತಿಳಿದ ಮೇಲಷ್ಟೇ ಪೂರ್ತಿ ಜಾರಿಗೊಳಿಸುವುದು ಒಳ್ಳೆಯದು.