ಬ್ಯಾಂಕಿನಲ್ಲಿ ಕೇಳದೆ ಸಕ್ಸೆಶನ್ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಡಿ

ಮನೆಯಲ್ಲಿ ಯಾರಾದರೂ ತೀರಿಕೊಂಡು, ಬ್ಯಾಂಕಿನದ್ದು, ಜಾಗದ್ದು ಅಂತ ಕಾಗದಪತ್ರ ಮಾಡಿಸಲಿಕ್ಕಿದ್ದರೆ ದಯವಿಟ್ಟು ಇದನ್ನು ಓದಿ. ಒರಿಜಿನಲ್ ಕಾಗದ ಯಾರ ಕೈಗೂ ಕೊಡಬೇಡಿ. ವಕೀಲರಾದರೂ ಸರಿ, ಕೊಡಬೇಡಿ.

ನಮ್ಮದು ದೊಡ್ಡ ಆಸ್ತಿಯೇನಲ್ಲ. ಅಪ್ಪನ ಹೆಸರಲ್ಲಿ 20 ಲಕ್ಷದ ಎಫ್‌ಡಿ, ಸುರತ್ಕಲ್ ಕಡೆ ಮನೆ ಇರುವ 12 ಸೆಂಟ್ಸ್ ಜಾಗ. ವಾರಸುದಾರರು ಅಮ್ಮ, ನಾನು, ತಮ್ಮ. ನಮ್ಮೊಳಗೆ ಜಗಳ ಇಲ್ಲ. ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ನೆಂಟರೊಬ್ಬರು ಮಂಗಳೂರಿನ ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದರು. ಮಾತು ಬೆಣ್ಣೆ. "ಅಮ್ಮಾ, ನೀವು ತಲೆಬಿಸಿ ಮಾಡಬೇಡಿ, ಎಲ್ಲ ನನಗೆ ಬಿಡಿ."

ಎಫ್‌ಡಿ ಹಣ ಬರಬೇಕಾದರೆ ಕೋರ್ಟಿನಿಂದ ಸಕ್ಸೆಶನ್ ಸರ್ಟಿಫಿಕೇಟ್, ಅಂದರೆ ತೀರಿಕೊಂಡವರಿಗೆ ಬರಬೇಕಾದ ಹಣ ಪಡೆಯಲು ವಾರಸುದಾರರಿಗೆ ಕೋರ್ಟ್ ಕೊಡುವ ಪತ್ರ, ಆಗಲೇಬೇಕು ಅಂದರು. ಜಾಗಕ್ಕೂ ಅದೇ ಸಾಕು ಅಂದರು. ಫೀಸು ಒಟ್ಟು ಮೊತ್ತದ 5 ಪರ್ಸೆಂಟ್. ಅಡ್ವಾನ್ಸ್ 40 ಸಾವಿರ, ಕ್ಯಾಶ್. ರಸೀದಿ ಕೇಳಿದ್ದಕ್ಕೆ "ಆಮೇಲೆ ಒಟ್ಟಿಗೆ ಕೊಡುವ". ಎಫ್‌ಡಿ ರಸೀದಿ, ಪಾಸ್‌ಬುಕ್, ಅಜ್ಜನ ಕಾಲದ ಪಾಲುಪಟ್ಟಿ (ಆಸ್ತಿ ಪಾಲು ಮಾಡಿಕೊಂಡ ಪತ್ರ), ಎಲ್ಲದರ ಒರಿಜಿನಲ್ ತೆಗೆದಿಟ್ಟುಕೊಂಡರು. ಕೋರ್ಟಿಗೆ ತೋರಿಸಲಿಕ್ಕುಂಟಂತೆ.

ಆಮೇಲೆ ಶುರುವಾಯಿತು. ಫೋನ್ ಮಾಡಿದರೆ "ಜಡ್ಜ್ ರಜೆಯಲ್ಲಿದ್ದಾರೆ". ಇನ್ನೊಮ್ಮೆ "ಪೇಪರಲ್ಲಿ ನೋಟಿಸ್ ಹಾಕಲಿಕ್ಕುಂಟು". ಕೇಸ್ ನಂಬರ್ ಕೇಳಿದರೆ "ಗುಮಾಸ್ತನ ಹತ್ತಿರ ಉಂಟು". ಗುಮಾಸ್ತನನ್ನು ಕೇಳಿದರೆ "ಸಾರ್ ಹತ್ತಿರ ಉಂಟು". ಹೀಗೇ ಮಳೆಗಾಲ ಮುಗಿಯಿತು.

ಅಮ್ಮನ ಪೆನ್ಶನ್ ಕೆಲಸಕ್ಕೆ ಬ್ಯಾಂಕಿಗೆ ಹೋದಾಗ ಸುಮ್ನೆ ಎಫ್‌ಡಿ ಬಗ್ಗೆಯೂ ವಿಚಾರಿಸಿದೆ. ಆಫೀಸರ್ ಕಂಪ್ಯೂಟರ್ ನೋಡಿ ಕೇಳಿದರು, "ಇದಕ್ಕೆ ನಿಮ್ಮ ಅಮ್ಮನೇ ನಾಮಿನಿ ಅಲ್ವಾ? ಕ್ಲೈಮ್ ಫಾರ್ಮ್, ಡೆತ್ ಸರ್ಟಿಫಿಕೇಟ್, ಅಮ್ಮನ ಆಧಾರ್ ಕೊಟ್ಟಿದ್ದರೆ ಆಗಿಹೋಗುತ್ತಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ?" ಕೌಂಟರಿನಲ್ಲಿ ನಮ್ಮ ಹಿಂದೆ ಪರಿಚಯದವರೇ ನಿಂತಿದ್ದರು. ಅಮ್ಮ ನನ್ನ ಮುಖ ನೋಡಿ, "ಹಾಗಾದರೆ ಕೋರ್ಟಿನದ್ದು ಎಂತಕ್ಕೆ?" ಅಂದರು. ಏನು ಹೇಳಲಿ? ಗಂಡನನ್ನು ಕಳೆದುಕೊಂಡ ಹೆಂಗಸಿನ ಹತ್ತಿರ ಹೀಗೆ ದುಡ್ಡು ಕೀಳುವುದಾ? ಈಗಲೂ ನೆನೆದರೆ ಮೈ ಉರಿಯುತ್ತದೆ.

ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿದೆ. ಒಂದು ಚೂರು ಅಳುಕಿಲ್ಲ. "ನಾಮಿನಿ ಅಂದರೆ ಮಾಲೀಕ ಅಲ್ಲ. ನಿಮಗೆ ಕಾನೂನು ಗೊತ್ತಿಲ್ಲ, ಬ್ಯಾಂಕಿನವರಿಗೂ ಗೊತ್ತಿಲ್ಲ." ಇಲ್ಲೇ ನೋಡಿ ಮೋಸ ಇರುವುದು. ನಾಮಿನಿ ಮಾಲೀಕ ಅಲ್ಲ ಎನ್ನುವುದು ನಿಜ. ಬಂದ ಹಣದಲ್ಲಿ ವಾರಸುದಾರರ ಪಾಲು ಹಾಗೇ ಇರುತ್ತದೆ. ಆದರೆ ಅದು ನಾವು ಮನೆಯವರು ಹಂಚಿಕೊಳ್ಳುವ ವಿಷಯ. ಬ್ಯಾಂಕ್ ನಾಮಿನಿಗೆ ಹಣ ಕೊಡಲು ಆ ಸರ್ಟಿಫಿಕೇಟ್ ಕೇಳುವಂತಿಲ್ಲ. ದಾಖಲೆ ಸರಿಯಿದ್ದರೆ 15 ದಿನದಲ್ಲಿ ಕ್ಲೈಮ್ ಮುಗಿಸಬೇಕು. ರಿಸರ್ವ್ ಬ್ಯಾಂಕ್ 2005ರಲ್ಲೇ ಇದನ್ನು ಹೇಳಿದೆ. ಅರ್ಧ ಸತ್ಯ ಹೇಳಿ ನಮ್ಮ ಬಾಯಿ ಮುಚ್ಚಿಸಿದರು.

ನಾಮಿನಿ ಇಲ್ಲದ ಕಡೆ, ಮೊತ್ತ ದೊಡ್ಡದಿದ್ದರೆ, ತಕರಾರಿದ್ದರೆ ಸಕ್ಸೆಶನ್ ಸರ್ಟಿಫಿಕೇಟ್ ಬೇಕಾಗಬಹುದು. ಆದರೆ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಅದು ಇರುವುದು ಬರಬೇಕಾದ ಹಣ, ಷೇರು, ಬಾಂಡ್‌ಗಳಿಗೆ. ಜಾಗಕ್ಕಲ್ಲ. ಹಾಗಾಗಿ ಜಾಗದ ಕೆಲಸಕ್ಕೆ ನನ್ನ ತಮ್ಮ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ, ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ತಾನೇ ಅರ್ಜಿ ಕೊಟ್ಟು ಬಂದ.

ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಅಮ್ಮನ ಹೆಸರು ಹಾಕಿ ಹುಡುಕಿದೆವು. ಕೇಸೇ ಇಲ್ಲ! ಫೈಲ್ ವಾಪಸ್ ಕೊಡಿ ಅಂದದ್ದಕ್ಕೆ ವಾಟ್ಸಾಪಿನಲ್ಲಿ ಬಂದ ಉತ್ತರ: "ಬಾಕಿ ಫೀಸು ಕೊಟ್ಟು ತಗೊಂಡು ಹೋಗಿ. ನನ್ನ ಟೈಮಿಗೆ ಬೆಲೆ ಇಲ್ವಾ?" ಹಾಕದ ಕೇಸಿಗೆ ಎಂಥ ಬಾಕಿ?

ಉಡುಪಿಯ ಪರಿಚಯದ ವಕೀಲರೊಬ್ಬರು ಕೇಳಿ ಸಿಟ್ಟಾದರು. ಫೀಸು ಬಾಕಿ ಅಂತ ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಕೇಸಿನಿಂದ ಬರುವ ಹಣದಲ್ಲಿ ಪಾಲು ಕೇಳುವುದಕ್ಕೂ ಬಾರ್ ಕೌನ್ಸಿಲ್ (ವಕೀಲರ ಪರಿಷತ್ತು) ನಿಯಮದಲ್ಲಿ ಅವಕಾಶವಿಲ್ಲ. ಇಷ್ಟನ್ನೂ ಬರೆದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿದ ಮೇಲೆ ಗುಮಾಸ್ತ ಫೈಲ್ ತಂದುಕೊಟ್ಟ. ಎಫ್‌ಡಿ ಹಣ ಈಗ ಅಮ್ಮನ ಖಾತೆಗೆ ಬಂದಿದೆ. ಕೋರ್ಟಿಲ್ಲ, ಸರ್ಟಿಫಿಕೇಟಿಲ್ಲ.

ನೀವು ಮೊದಲು ಬ್ಯಾಂಕಿಗೆ ಹೋಗಿ ನಾಮಿನಿ ಯಾರು ಅಂತ ಕೇಳಿ. ವಕೀಲರು ಫೀಸು ಪರ್ಸೆಂಟ್ ಲೆಕ್ಕದಲ್ಲಿ ಅಂದ ಕೂಡಲೇ ಎದ್ದು ಬನ್ನಿ. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಕಾನೂನು ನೆರವು ಉಂಟು, ಸಹಾಯವಾಣಿ 15100. ಇದನ್ನು ನಮಗೆ ಮೊದಲೇ ಒಬ್ಬರಾದರೂ ಹೇಳಬಾರದಿತ್ತಾ?

ಫೈಲಿನಲ್ಲಿ ಪಾಲುಪಟ್ಟಿ ಇರಲಿಲ್ಲ. "ನೀವು ಕೊಟ್ಟೇ ಇಲ್ಲ" ಅನ್ನುತ್ತಾರೆ ಆ ವಕೀಲರು. ತಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದಾನೆ. 40 ಸಾವಿರ ಇನ್ನೂ ಬಂದಿಲ್ಲ. ರಾಜ್ಯ ವಕೀಲರ ಪರಿಷತ್ತಿಗೆ ದೂರು ಬರೆದಾಗಿದೆ, ಅಮ್ಮನ ಸಹಿ ಹಾಕಿಸಿ ಈ ವಾರ ಕಳಿಸುತ್ತೇನೆ.