ಮೂರು ವರ್ಷ ಬಳಸಿದ ಇಮೇಲ್ ರವಾನೆ ಸೇವೆ: ಬೌನ್ಸ್ ಆದ (ತಲುಪದೆ ಮರಳಿದ) ಪತ್ರಗಳನ್ನು ಓದಿ ನೋಡಿದಾಗ

ಮಂಡ್ಯದ ನಮ್ಮ ಬಳಗ ಪ್ರತಿ ಬುಧವಾರ ಸುಮಾರು 2,000 ಕಬ್ಬು, ಭತ್ತದ ಬೆಳೆಗಾರರಿಗೆ ಇಮೇಲ್ ಪತ್ರ ಕಳುಹಿಸುತ್ತದೆ. ಕೃಷ್ಣರಾಜಸಾಗರದ ನೀರಿನ ಮಟ್ಟ, ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ಸರದಿಯಲ್ಲಿ ನೀರು ಹರಿಯುವ ದಿನಗಳು, ಬೆಲ್ಲದ ಧಾರಣೆ ಇವೇ ಅದರ ವಿಷಯವಾದ್ದರಿಂದ, ಸರದಿ ಮುಗಿದ ಮೇಲೆ ತಲುಪುವ ಪತ್ರದಿಂದ ಯಾರಿಗೂ ಪ್ರಯೋಜನವಿಲ್ಲ. ಇದಕ್ಕಾಗಿ ಹಣ ಕೊಟ್ಟು ಬಳಸುತ್ತಿರುವ ರವಾನೆ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

ಮೊದಲ ವರ್ಷದ ಮಳೆಗಾಲದಲ್ಲಿ ಪಾಂಡವಪುರದ ರೈತರೊಬ್ಬರು ಫೋನ್ ಮಾಡಿ, "ಯಾಕ್ ಸಾರ್, ಕಾಗದ ಕಳ್ಸೋದ್ ನಿಲ್ಲಿಸ್‌ಬುಟ್ರಾ?" ಎಂದು ಕೇಳಿದರು. ಪಟ್ಟಿ ತೆರೆದು ನೋಡಿದರೆ 140 ವಿಳಾಸಗಳು ಸ್ಥಗಿತಗೊಂಡಿದ್ದವು, ಎಲ್ಲವೂ ಒಂದೇ ಇಂಟರ್ನೆಟ್ ಕಂಪನಿಯವು. ನಾವು ಬಳಸುವ ಐಪಿ ವಿಳಾಸವನ್ನೇ (ಪತ್ರ ಹೊರಡುವ ಸರ್ವರ್ ಅನ್ನು ಗುರುತಿಸುವ ಸಂಖ್ಯೆ) ಹಂಚಿಕೊಂಡಿದ್ದ ಬೇರೆ ಯಾರೋ ಸ್ಪ್ಯಾಮ್ ಕಳುಹಿಸಿದ್ದರಿಂದ ಆ ಕಂಪನಿ ನಮ್ಮ ಪತ್ರಗಳನ್ನೂ 421 ಎಂಬ ಸಂಕೇತದೊಂದಿಗೆ ತಡೆದಿತ್ತು. ನಾಲ್ಕರಿಂದ ಆರಂಭವಾಗುವ ಸಂಕೇತ ತಾತ್ಕಾಲಿಕ ತಡೆಯನ್ನು ಸೂಚಿಸುತ್ತದೆ; ಐದರಿಂದ ಆರಂಭವಾದರೆ ಮಾತ್ರ ಶಾಶ್ವತ ನಿರಾಕರಣೆ. ಆದರೆ ಈ ಸೇವೆ ಸತತ ಮೂರು ವಾರ ಬೌನ್ಸ್ ಆಯಿತೆಂದು, ನಮಗೆ ಒಂದು ಮಾತನ್ನೂ ತಿಳಿಸದೆ, ಅಷ್ಟೂ ಓದುಗರನ್ನು ಕೈಬಿಟ್ಟಿತ್ತು. ಇದು ಇದರ ದೊಡ್ಡ ದೋಷ, ಇಂದಿಗೂ ಪೂರ್ತಿ ಸರಿಹೋಗಿಲ್ಲ.

ಹಾಗಿದ್ದರೂ ಬಿಟ್ಟು ಹೋಗದಿರಲು ಕಾರಣವಿದೆ: ಎದುರಿನ ಸರ್ವರ್ ಕೊಟ್ಟ ಉತ್ತರವನ್ನು ಇದು ಇದ್ದಂತೆಯೇ ತೋರಿಸುತ್ತದೆ. 550 ಎಂದರೆ ಸಾಮಾನ್ಯವಾಗಿ ಅಂಥ ಅಂಚೆಪೆಟ್ಟಿಗೆಯೇ ಇಲ್ಲವೆಂದು ಅರ್ಥವಾದರೂ, ಕೆಲವು ಕಂಪನಿಗಳು ಸ್ಪ್ಯಾಮ್ ಶಂಕೆಗೂ ಅದನ್ನೇ ಬಳಸುವುದರಿಂದ ಅದರ ಮುಂದಿನ ವಾಕ್ಯವನ್ನು ಓದಲೇಬೇಕು. 452 ಬಂದ ಜಿಮೇಲ್ ವಿಳಾಸಗಳನ್ನು ವಿಚಾರಿಸಿದಾಗ, ಫೋನಿನ ಫೋಟೋಗಳೇ 15 ಜಿಬಿ ಉಚಿತ ಜಾಗವನ್ನು ತುಂಬಿದ್ದವು. ಒಂದಷ್ಟು ಅಳಿಸಿದ ಕೂಡಲೇ ಪತ್ರ ಬರತೊಡಗಿತು. ಅಂಥವರನ್ನು ಪಟ್ಟಿಯಿಂದ ತೆಗೆಯುವುದು ಅನ್ಯಾಯ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿಗೊಳಿಸಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಎಸ್‌ಪಿಎಫ್ (ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿ), ಡಿಕೆಐಎಂ (ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ವಿಫಲವಾದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ) ಮೂರೂ ಕಡ್ಡಾಯ. ಸ್ಪ್ಯಾಮ್ ದೂರುಗಳು ಶೇ. 0.3 ತಲುಪಬಾರದು. ನಾವು ಆ 5,000ದ ಮಿತಿಗಿಂತ ಬಹಳ ಕೆಳಗಿದ್ದರೂ ಮೂರನ್ನೂ ಅಳವಡಿಸಿಕೊಂಡೆವು. ಅದಕ್ಕಾಗಿ ನಮ್ಮ ಡೊಮೇನ್ ಹೆಸರಿಗೆ ಸೇರಿಸಬೇಕಾದ ದಾಖಲೆಗಳನ್ನು ಸೇವೆಯೇ ಸಿದ್ಧಪಡಿಸಿ ಕೊಟ್ಟಿದ್ದರಿಂದ ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಕಚೇರಿಯ ವಿಳಾಸದಿಂದ ಸ್ವಂತ ವಿಳಾಸಕ್ಕೆ ಫಾರ್ವರ್ಡ್ ಮಾಡಿಕೊಳ್ಳುವ ಓದುಗರಿಗೆ ಡಿಕೆಐಎಂ ವಿಶೇಷವಾಗಿ ನೆರವಾಯಿತು. ಫಾರ್ವರ್ಡ್ ಆದಾಗ ಎಸ್‌ಪಿಎಫ್ ಪರೀಕ್ಷೆ ವಿಫಲವಾದರೂ ಪತ್ರ ಬದಲಾಗದಿದ್ದರೆ ಡಿಕೆಐಎಂ ಸಹಿ ಉಳಿಯುತ್ತದೆ.

ಹೆಚ್ಚು ಹಣಕ್ಕೆ ಪ್ರತ್ಯೇಕ ಐಪಿ ಕೊಡುವುದಾಗಿ ಹೇಳಿದರು. ವಾರಕ್ಕೊಮ್ಮೆ ಎರಡು ಸಾವಿರ ಪತ್ರ ಕಳುಹಿಸುವವರಿಗೆ ಅದರ ಮೇಲೆ ಇಮೇಲ್ ಕಂಪನಿಗಳ ಬಳಿ ಒಳ್ಳೆಯ ಹೆಸರು ಕಟ್ಟಿಕೊಳ್ಳುವುದೇ ಕಷ್ಟವಾದ್ದರಿಂದ ಬೇಡವೆಂದೆವು. ಈಗ ಸ್ಥಗಿತಗೊಂಡ ವಿಳಾಸಗಳ ಪಟ್ಟಿಯನ್ನು ಪ್ರತಿ ಗುರುವಾರ ಬೆಳಿಗ್ಗೆ ನಾನೇ ನೋಡಿ, ನಾಲ್ಕರ ಸಂಕೇತದವನ್ನು ಮರಳಿ ಸೇರಿಸುತ್ತೇನೆ. ಐದಕ್ಕೆ ಮೂರು ಅಂಕ; ಆ ಕೆಲಸವನ್ನು ಸೇವೆಯೇ ಮಾಡಿದ ದಿನ ನಾಲ್ಕು ಕೊಡುತ್ತೇನೆ.